ಅಜ್ಜಿ ಐದು ನಿಮಿಷ ಹೇಳಿದ್ದು, ನಾವು ಒಂದೇ ಸಾಲಿನಲ್ಲಿ ಮುಗಿಸಿದ್ದು

ತರೀಕೆರೆ ಬಸ್‌ ಸ್ಟ್ಯಾಂಡಿನಲ್ಲಿ ಹೋದ ತಿಂಗಳು ಒಬ್ಬ ಹುಡುಗಿ ನಮ್ಮನ್ನು ಹಿಡಿದು ನಿಲ್ಲಿಸಿದಳು. ಬಿ.ಕಾಂ. ಎರಡನೇ ವರ್ಷ. ಅವರಪ್ಪನಿಗೆ ಎರಡು ಎಕರೆ ಅಡಿಕೆ. ಅವರ ಊರಿನ ಕೆರೆ ಏರಿ ಬಿರುಕು ಬಿಟ್ಟಾಗ ನಾವು ಸುದ್ದಿ ಮಾಡಿದ್ದೆವು, ಆ ಪರಿಚಯ. ಮೊಬೈಲು ಮುಂದೆ ಹಿಡಿದು, 'ಸಾರ್, ಇದಕ್ಕೆ ದುಡ್ಡು ಕಟ್ಟಬಹುದಾ ನೋಡಿ' ಅಂದಳು.

ನೋಡಿದೆವು. ಅಂತರರಾಷ್ಟ್ರೀಯ ಬಿಸಿನೆಸ್ ಕನ್ಸಲ್ಟಿಂಗ್ ಇಂಟರ್ನ್‌ಷಿಪ್. ನಾಲ್ಕು ವಾರ, ಮನೆಯಲ್ಲೇ ಕೂತು. ವಿದೇಶಿ ಕಂಪನಿಯ ನಿಜವಾದ ಸಮಸ್ಯೆ ಬಿಡಿಸಬಹುದು, ಕೊನೆಗೆ ಸರ್ಟಿಫಿಕೇಟು. ಶುಲ್ಕ 9,500 ರೂಪಾಯಿ, ಈ ವಾರದೊಳಗೆ ಕಟ್ಟಿದರೆ 6,000. ಯಾವ ಕಂಪನಿ, ಯಾವ ದೇಶ, ಯಾವ ಸಮಸ್ಯೆ ಅನ್ನುವುದು ಎಲ್ಲೂ ಇಲ್ಲ. 'ಅಪ್ಪನ್ನ ಕೇಳಿದೀಯೇನಮ್ಮಾ?' ಅಂದರೆ, 'ಅಪ್ಪ ಕೊಡ್ತಾರೆ ಸಾರ್. ಆದ್ರೆ ಕೊನೆ ಕೊಯ್ಯೋರಿಗೆ ಇಟ್ಟಿರೋ ದುಡ್ಡು ಅದು' ಅಂದಳು.

ಕಟ್ಟಬೇಡ ಅಂತ ಹೇಳಿ ಬಸ್ಸು ಹತ್ತಿಬಿಡಬಹುದಿತ್ತು. ಆದರೆ ಅವಳು ಕೇಳುತ್ತಿದ್ದ ಅನುಭವ, ಅಂದರೆ ಕಾಲೇಜಿನಲ್ಲಿ ಇರುವಾಗಲೇ ಪರದೇಶದ ವ್ಯಾಪಾರಕ್ಕೆ ಸಲಹೆ ಕೊಡುವ ಕೆಲಸ, ಒಂದು ಕಾಲದಲ್ಲಿ ನಮಗೂ ಸಿಕ್ಕಿತ್ತು. ದುಡ್ಡು ಕಟ್ಟಿ ಅಲ್ಲ, ಅವರೇ ನಮಗೆ ದಿನಕ್ಕೆ 150 ರೂಪಾಯಿ ಕೊಟ್ಟು. ಅದರ ಕಥೆಯನ್ನು ನಾವು ಯಾರಿಗೂ ಪೂರ್ತಿ ಹೇಳಿಲ್ಲ. ಅವತ್ತು ಟೀ ಅಂಗಡಿಯ ಬೆಂಚಿನ ಮೇಲೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಾವು ಅಂದರೆ ಮೂವರು. ಒಬ್ಬ ಕಡೂರಿನವನು, ಒಬ್ಬ ತರೀಕೆರೆಯವನು, ಒಬ್ಬಳು ಅಜ್ಜಂಪುರದವಳು. ಮೂವರೂ ಒಂದೇ ಕಾಲೇಜು, ಒಂದೇ ಬಿ.ಕಾಂ. ಅವರಲ್ಲಿ ಒಬ್ಬ ಮುಂದೆ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿ, ಮೂರು ತಾಲ್ಲೂಕು ಸುತ್ತಿ ಸುದ್ದಿ ಕಳಿಸುವ ಸ್ಟ್ರಿಂಜರ್ ಆದ. ಬರೆಯುತ್ತಿರುವುದು ಅವನ ಕೈ. ಆದರೆ ತಪ್ಪು ಮೂವರದ್ದಾದ್ದರಿಂದ 'ನಾವು' ಅಂತಲೇ ಬರೆಯಬೇಕೆಂದು ಉಳಿದಿಬ್ಬರ ಕರಾರು.

2010ರ ಆಗಸ್ಟ್. ಆಗ ಅಜ್ಜಂಪುರ ಇನ್ನೂ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಇನ್ನೂ ಬಂದಿರಲಿಲ್ಲ, ಅದು ಬಂದದ್ದು 2013ರಲ್ಲಿ. ನಮ್ಮ ಕಾಮರ್ಸ್ ಮೇಷ್ಟ್ರು ಒಂದು ದಿನ ಕ್ಲಾಸಿನಿಂದ ಹೊರಗೆ ಕರೆದು, 'ಇಂಗ್ಲಿಷ್ ಸ್ವಲ್ಪ ಬರುತ್ತಲ್ವೇನ್ರೋ?' ಅಂದರು. ಸ್ವಲ್ಪ ಅಂದರೆ ಸ್ವಲ್ಪವೇ ಬರುತ್ತಿತ್ತು. ಯುರೋಪಿನ ಒಂದು ವಿಶ್ವವಿದ್ಯಾಲಯದ ಐದು ಜನ ಎಂಬಿಎ ವಿದ್ಯಾರ್ಥಿಗಳು, ಬೆಂಗಳೂರಿನ ಒಂದು ಮ್ಯಾನೇಜ್‌ಮೆಂಟ್ ಸಂಸ್ಥೆಯ ಇಬ್ಬರು ಮೂರು ವಾರಕ್ಕೆ ಬರುತ್ತಾರೆ. ಅವರಿಗೆ ಕನ್ನಡ ಬಾರದು, ಬೆಂಗಳೂರಿನವರಿಗೂ ಅಷ್ಟಕ್ಕಷ್ಟೆ. ಈರುಳ್ಳಿ ರೈತರ ಹತ್ತಿರ ಮಾತಾಡಿಸಬೇಕು. ಇಷ್ಟು ಕೆಲಸ.

ಅವರ ಹಿಂದೆ ಇದ್ದದ್ದು ಹೊರದೇಶಕ್ಕೆ ತರಕಾರಿ ಕಳಿಸುವ ಒಬ್ಬ ವ್ಯಾಪಾರಿ. ಯಶವಂತಪುರದ ಮಂಡಿಯಲ್ಲಿ ಕೊಳ್ಳುವ ಬದಲು ನಮ್ಮ ಕಡೆಯ ಹೊಲದಿಂದಲೇ ಕೊಂಡರೆ ಗಿಟ್ಟುತ್ತದೆಯೇ ಅನ್ನುವುದು ಅವರ ಪ್ರಶ್ನೆ. ಆ ಪ್ರಶ್ನೆಯನ್ನು ಓದುವ ಹುಡುಗರ ಕೈಗೆ ಕೊಟ್ಟಿದ್ದರು. ಇದಕ್ಕೆ ಕನ್ಸಲ್ಟಿಂಗ್ ಪ್ರಾಜೆಕ್ಟು ಎನ್ನುತ್ತಾರೆ, ಇದಕ್ಕೆ ಅವರಿಗೆ ಅಂಕವೂ ಉಂಟು ಅಂತ ಗೊತ್ತಾದಾಗ ನಮಗೆ ಆಶ್ಚರ್ಯ. ನಮ್ಮ ಸಿಲೆಬಸ್ಸಿನಲ್ಲಿ 'ಅಂತರರಾಷ್ಟ್ರೀಯ ವ್ಯವಹಾರ' ಒಂದು ಪೇಪರಿನ ಹೆಸರು. ಅದರಲ್ಲಿ ಪಾಸಾಗಲು ಹತ್ತು ಮಾರ್ಕಿನ ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿದರೆ ಸಾಕಿತ್ತು.

ಈ ಏರ್ಪಾಡು ಹೊಸದೇನಲ್ಲ ಎಂದು ಆಮೇಲೆ ತಿಳಿಯಿತು. 1973ರಲ್ಲಿ ಶುರುವಾದ ಬೆಂಗಳೂರಿನ ಐಐಎಂಗೆ ಹೊರದೇಶದ ವಿದ್ಯಾರ್ಥಿಗಳು ಒಂದೊಂದು ಅವಧಿಗೆ ಬಂದು ಓದಿ ಹೋಗುತ್ತಾರೆ, ಅಲ್ಲಿನವರು ಹೊರಗೆ ಹೋಗುತ್ತಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ 1948ರಲ್ಲಿ ಯುರೋಪಿನಲ್ಲಿ ಹುಟ್ಟಿದ ಐಸೆಕ್ ಎಂಬ ವಿದ್ಯಾರ್ಥಿ ಸಂಘಟನೆ ಒಂದು ದೇಶದ ಹುಡುಗರನ್ನು ಇನ್ನೊಂದು ದೇಶದ ಕೆಲಸಕ್ಕೆ ಕಳಿಸುತ್ತದೆ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಶುರುವಾದ 180 ಡಿಗ್ರೀಸ್ ಕನ್ಸಲ್ಟಿಂಗ್‌ನ ಕೆಲಸವೂ ವಿದ್ಯಾರ್ಥಿಗಳಿಂದ ಸಲಹೆ ಕೊಡಿಸುವುದೇ. ಇವುಗಳ ಶಾಖೆಗಳಿರುವುದು ದೊಡ್ಡ ಊರಿನ ದೊಡ್ಡ ಕಾಲೇಜುಗಳಲ್ಲಿ. ಬೀರೂರು ಜಂಕ್ಷನ್ನಿನಲ್ಲಿ ರೈಲು ನಿಂತರೂ ಅವು ಇಳಿಯುವುದಿಲ್ಲ.

ಮೊದಲ ದಿನ ನಮ್ಮ ಕೈಗೆ 42 ಪ್ರಶ್ನೆಗಳ ಹಾಳೆ ಕೊಟ್ಟರು. ಅದನ್ನು ಕನ್ನಡ ಮಾಡುವುದೇ ಒಂದು ರಾತ್ರಿಯ ಕೆಲಸವಾಯಿತು. 'ನಿಮ್ಮ ಮುಖ್ಯ ಪ್ರತಿಸ್ಪರ್ಧಿ ಯಾರು' ಅಂತ ಒಂದು ಪ್ರಶ್ನೆ. ಶಿವನಿ ಕಡೆಯ ಒಬ್ಬ ಯಜಮಾನರು ಬೀಡಿ ತುಟಿಯಿಂದ ತೆಗೆದು, 'ನಾಸಿಕ್‌ನೋನು. ಅವನು ಬಿಟ್ರೆ ಮಳೆ' ಅಂದರು. ಬಿಳಿ ಹುಡುಗರು ನಕ್ಕು ಬರೆದುಕೊಂಡರು. 'ಎಷ್ಟು ಅಪಾಯ ತೆಗೆದುಕೊಳ್ಳಲು ಸಿದ್ಧರಿದ್ದೀರಿ, ಒಂದರಿಂದ ಹತ್ತರೊಳಗೆ ಅಂಕ ಕೊಡಿ' ಅಂತ ಇನ್ನೊಂದು. ಅದನ್ನು ಹೇಗೆ ಕೇಳಿದರೂ ಜನ ನಮ್ಮ ಮುಖ ನೋಡುತ್ತಿದ್ದರು. ಕೊನೆಗೆ ನಾವೇ ಐದು ಅಂತ ಬರೆದುಕೊಂಡು ಮುಂದೆ ಹೋಗತೊಡಗಿದೆವು. ಕಳ್ಳತನ ಅಲ್ಲಿಂದಲೇ ಶುರು, ಈಗ ಒಪ್ಪಿಕೊಳ್ಳುತ್ತೇವೆ.

ಆದರೂ ಆ ಮೂರು ವಾರದಲ್ಲಿ ಕಲಿತದ್ದು ಮೂರು ವರ್ಷದ ಕ್ಲಾಸಿನಲ್ಲಿ ಕಲಿತಿರಲಿಲ್ಲ. ಅವರು ಒಂದು ಚೀಲ ಈರುಳ್ಳಿಯ ಹಿಂದೆ ಬಿದ್ದರು. ಹೊಲದಲ್ಲಿ ಕಿತ್ತವರ ಕೂಲಿ ಎಷ್ಟು, ದಂಟು ಕೊಯ್ದವರಿಗೆ ಎಷ್ಟು, ಖಾಲಿ ಚೀಲಕ್ಕೆ ಎಷ್ಟು, ಹೊಲಿಯುವ ದಾರಕ್ಕೆ ಎಷ್ಟು, ಲಾರಿ ಬಾಡಿಗೆ ಎಷ್ಟು, ಯಶವಂತಪುರದಲ್ಲಿ ಇಳಿಸಿದ ಹಮಾಲಿಗೆ ಎಷ್ಟು, ತೂಕದಲ್ಲಿ ಸೂಟು ಅಂತ ಹಿಡಿದದ್ದು ಎಷ್ಟು, ಕಮಿಷನ್ ಎಷ್ಟು, ಚೀಟಿಯಲ್ಲಿ ಬರೆಯದೆ ಹೋದದ್ದು ಎಷ್ಟು. ನಮ್ಮ ಅಜ್ಜಂಪುರದ ಗೆಳತಿಯ ಮನೆಯಲ್ಲೇ ತಲೆತಲಾಂತರದಿಂದ ಈರುಳ್ಳಿ. ಆದರೂ ಅವಳು ಆ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ನೋಡಿದ್ದು ಅವತ್ತೇ ಮೊದಲು. 'ನಮ್ಮಪ್ಪ ಇಷ್ಟೆಲ್ಲ ಕೊಟ್ಟು ಬರ್ತಾರೇನ್ರೋ' ಅಂತ ಸುಮ್ಮನೆ ಕೂತುಬಿಟ್ಟಳು. ಒಂದು ವಸ್ತುವಿನ ಬೆನ್ನು ಹತ್ತಿ ಹೋಗಿ, ಪ್ರತಿ ಕೈಯಲ್ಲೂ ಏನು ಕಳೆಯಿತು ಏನು ಕೂಡಿತು ಅಂತ ಕೇಳುವ ಆ ಅಭ್ಯಾಸ ನಮಗೆ ಇವತ್ತಿಗೂ ಸುದ್ದಿ ಬರೆಯುವಾಗ ಅನ್ನ ಕೊಡುತ್ತಿದೆ. ಅದಕ್ಕೆ ಆ ಹುಡುಗರಿಗೆ ನಾವು ಋಣಿ.

ಎರಡನೇ ವಾರದ ಒಂದು ಮಧ್ಯಾಹ್ನ. ಬೆಳಿಗ್ಗೆ ಸೋನೆ ಹಿಡಿದು ಆಗಷ್ಟೇ ಬಿಟ್ಟಿತ್ತು. ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಒಬ್ಬೊಬ್ಬರ ಕಾಲೂ ಎರಡೆರಡು ಕೆ.ಜಿ. ಭಾರ. ಒಂದು ಕಣದಲ್ಲಿ ಟಾರ್ಪಾಲು ಕಟ್ಟಿಕೊಂಡು ಏಳೆಂಟು ಹೆಂಗಸರು ಕುಡುಗೋಲು ಹಿಡಿದು ದಂಟು ಕೊಯ್ಯುತ್ತಿದ್ದರು. ನಡುವೆ ಒಬ್ಬ ಅಜ್ಜಿ, ಆ ಹೊಲದ ಒಡತಿ. ತಂಡದ ಮುಂದಾಳು ಹುಡುಗಿ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತು, ನಮ್ಮ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದಳು. ಈಗಲೇ ಯಾಕೆ ಮಾರುತ್ತಾರೆ? ಎರಡು ಮೂರು ತಿಂಗಳು ಇಟ್ಟುಕೊಂಡು ಬೆಲೆ ಬಂದಾಗ ಯಾಕೆ ಮಾರುವುದಿಲ್ಲ?

ಒಳ್ಳೆಯ ಪ್ರಶ್ನೆಯೇ. ನಮ್ಮಲ್ಲಿಗೆ ಬರುವ ಮುಂಚೆ ಅವರು ನಾಸಿಕ್ ಜಿಲ್ಲೆಯ ಲಾಸಲ್‌ಗಾಂವ್‌ಗೆ ಹೋಗಿ ಬಂದಿದ್ದರು. ದೇಶದ ಅತಿ ದೊಡ್ಡ ಈರುಳ್ಳಿ ಮಾರುಕಟ್ಟೆ ಅದು. ಅಲ್ಲಿನ ರೈತರು ಬಿದಿರು, ಮರದ ಪಟ್ಟಿ ಹೊಡೆದು ಗಾಳಿಯಾಡುವ ಉದ್ದನೆ ಕೊಟ್ಟಿಗೆ ಕಟ್ಟಿ ತಿಂಗಳುಗಟ್ಟಲೆ ಈರುಳ್ಳಿ ಇಡುವುದನ್ನು ನೋಡಿದ್ದರು. ಇಲ್ಲಿ ಅಂಥದ್ದು ಒಂದೂ ಕಾಣದೆ ಅವರಿಗೆ ಸೋಜಿಗ.

ಅಜ್ಜಿ ಕುಡುಗೋಲು ಕೆಳಗಿಟ್ಟು ಹೇಳಲು ಶುರು ಮಾಡಿದರು. 'ನೋಡಪ್ಪಾ, ನಮ್ದು ಮುಂಗಾರಿಂದು. ಕೀಳೋ ಹೊತ್ತಿಗೂ ಮಳೆ ಬಿಟ್ಟಿರಲ್ಲ. ಕತ್ತು ದಪ್ಪ ಇರ್ತೈತೆ, ಅದು ಒಣಗ್ದೆ ಮುಚ್ಕೊಳ್ಳಲ್ಲ. ಮುಚ್ಕೊಳ್ದಿದ್ರೆ ಅಲ್ಲಿಂದ್ಲೇ ನೀರು ಒಳಗೋಗೋದು. ಈ ಎರೆ ಮಣ್ಣು ಮೈಗೆ ಮೆತ್ಕೊಂಡು ಬೇರೆ ಇರ್ತೈತೆ. ಇಪ್ಪತ್ತು ದಿನ ಇಟ್ಟು ನೋಡು, ಮೊಳಕೆ ಬಂದಿರ್ತೈತೆ, ಇಲ್ಲಾ ಮೂಗು ಮುಚ್ಕೊಬೇಕು. ಬೇಸಿಗೇಲಿ ಕಿತ್ತಿದ್ದು ಬೇರೆ, ಅದು ಗಟ್ಟಿ.' ಅಲ್ಲಿಂದ ಮಾತು ಗೊಬ್ಬರದಂಗಡಿ ಸಾಲಕ್ಕೆ ಹೋಯಿತು, ಅಲ್ಲಿಂದ ಮೊಮ್ಮಗಳ ನಾಮಕರಣಕ್ಕೆ, ಅಲ್ಲಿಂದ ಹಿಂದಿನ ವರ್ಷ ಲಾರಿ ಕೆಟ್ಟು ನಿಂತು ಮೂವತ್ತು ಚೀಲ ಕೊಳೆತದ್ದಕ್ಕೆ. ಒಟ್ಟು ಐದು ನಿಮಿಷ ಇರಬಹುದು.

ತಂಡದ ಹುಡುಗಿ ನಮ್ಮ ಮುಖ ನೋಡಿದಳು. ಕತ್ತು ಮುಚ್ಚಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಎರೆ ಮಣ್ಣಿಗೆ? ಮುಂಗಾರಿಗೆ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಲು ನಾಚಿಕೆ. ಮೇಲೆ ಮತ್ತೆ ಮೋಡ, ಇನ್ನೂ ನಾಲ್ಕು ಮನೆ ಬಾಕಿ. ಅವರಿಗೆ ತಕ್ಷಣ ದುಡ್ಡು ಬೇಕಂತೆ, ಅಂದೆವು. ಅಷ್ಟೇ. ಅವಳು ತಲೆಯಾಡಿಸಿ ಹಾಳೆಯಲ್ಲಿ ಒಂದೇ ಪದ ಬರೆದು ಕೆಳಗೆ ಎರಡು ಗೆರೆ ಎಳೆದಳು. ಲಿಕ್ವಿಡಿಟಿ.

ಅಜ್ಜಂಪುರದ ಗೆಳತಿಗೆ ಇದು ಸರಿ ಕಾಣಲಿಲ್ಲ. ಸಂಜೆ ಜೀಪಿನಲ್ಲಿ, 'ಆಯಮ್ಮ ಅಷ್ಟು ಹೇಳಿದ್ಲಲ್ರೋ, ಮತ್ತೆ ಹೇಳೋಣ' ಅಂದಳು. ನಾಳೆ ಹೇಳಿದರಾಯಿತು ಅಂದೆವು. ನಾಳೆ ಬೇರೆ ಊರು, ಬೇರೆ ಅಜ್ಜಿ.

ಕೊನೆಯ ದಿನ ಚಿಕ್ಕಮಗಳೂರಿನ ಒಂದು ಹೋಟೆಲಿನಲ್ಲಿ ಪರದೆ ಬಿಟ್ಟು ವರದಿ ಓದಿದರು. ಅಜ್ಜಂಪುರದ ರೈತ ಕಷ್ಟದಲ್ಲಿರುವುದು ಕೈಯಲ್ಲಿ ಕಾಸಿಲ್ಲದ್ದರಿಂದ. ಕಾಸಿಲ್ಲದ್ದರಿಂದ ಕಾಯಲಾರ. ಆದ್ದರಿಂದ ಸ್ವಲ್ಪ ಮುಂಗಡ ಕೊಟ್ಟು, ನಾಸಿಕ್ ಮಾದರಿಯ ಕೊಟ್ಟಿಗೆ ಕಟ್ಟಿಸಿ, ಮೂರು ತಿಂಗಳು ಇಟ್ಟು, ಆಯ್ದು ವಿಂಗಡಿಸಿ ಹಡಗು ಹತ್ತಿಸಬಹುದು. ಲೆಕ್ಕ ಎಲ್ಲ ಸರಿ ಇತ್ತು. ಬಣ್ಣದ ಕಂಬಗಳು ಏರುತ್ತಾ ಹೋದವು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಕೊನೆಯ ಪುಟದಲ್ಲಿ ಧನ್ಯವಾದ ಅಂತ ನಮ್ಮ ಮೂವರ ಹೆಸರು, ಮೂರರಲ್ಲಿ ಎರಡಕ್ಕೆ ಕಾಗುಣಿತ ತಪ್ಪು. ದಪ್ಪ ಕಾಗದದ ಸರ್ಟಿಫಿಕೇಟು ಸಿಕ್ಕಿತು. ಅದನ್ನು ಲ್ಯಾಮಿನೇಷನ್ ಮಾಡಿಸಲು ಕಡೂರಿನಲ್ಲಿ ಮೂವತ್ತು ರೂಪಾಯಿ ಕೊಟ್ಟೆವು.

ಇಲ್ಲಿಗೇ ನಿಂತಿದ್ದರೆ ಬರೆಯುವುದೇನೂ ಇರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಮಹಾರಾಷ್ಟ್ರದಲ್ಲಿ ಅಕಾಲ ಮಳೆ ಬಿದ್ದು ಈರುಳ್ಳಿ ಹಾಳಾಯಿತು. ಡಿಸೆಂಬರಿನಲ್ಲಿ ದೊಡ್ಡ ಊರುಗಳ ಅಂಗಡಿಯಲ್ಲಿ ಕಿಲೋಗೆ 70–80 ರೂಪಾಯಿಗೆ ಏರಿತು. ಡಿಸೆಂಬರ್ 20ರಂದು ಕೇಂದ್ರ ಸರ್ಕಾರ ರಫ್ತನ್ನೇ ನಿಲ್ಲಿಸಿತು. ಕಾಲೇಜಿನ ಕ್ಯಾಂಟೀನಿನಲ್ಲಿ ನಾವು ಹೀರೋಗಳು. 'ನೋಡಿದ್ರಾ, ಆ ಫಾರಿನ್‌ನೋರು ಹೇಳಿದ್ದು ನಿಜ. ಇಟ್ಟಿದ್ದಿದ್ರೆ ಒಂದಕ್ಕೆ ನಾಲ್ಕು ಆಗ್ತಿತ್ತು.' ರಫ್ತು ನಿಂತರೆ ರಫ್ತಿನ ಲೆಕ್ಕವೂ ನಿಂತಂತೆ ಅನ್ನುವುದು ಯಾರ ತಲೆಗೂ ಹೋಗಲಿಲ್ಲ, ನಮ್ಮ ತಲೆಗೂ. ಆ ಹುಮ್ಮಸ್ಸಿನಲ್ಲಿ ನಾವು ವರದಿಯ ಸಾರವನ್ನು ನಾಲ್ಕು ಪುಟ ಕನ್ನಡ ಮಾಡಿ, ಮೂವತ್ತು ಪ್ರತಿ ಜೆರಾಕ್ಸ್ ತೆಗೆಸಿ, ಆಗಸ್ಟಿನಲ್ಲಿ ಸುತ್ತಿದ ಹಳ್ಳಿಗಳಲ್ಲಿ ಹಂಚಿದೆವು. ಅದು ನಮ್ಮ ಮೊದಲ ಪ್ರಕಟಣೆ ಅನ್ನಬೇಕು. ಯಾರೂ ಹೇಳಿರಲಿಲ್ಲ, ನಾವಾಗೇ ಮಾಡಿದ್ದು.

ಮೂವತ್ತರಲ್ಲಿ ಒಂದನ್ನು ಓದಿ ನಂಬಿದವರು ನಮ್ಮ ಗೆಳತಿಯ ಚಿಕ್ಕಪ್ಪ. 2011ರ ಬೇಸಿಗೆಯಲ್ಲಿ ಕೈಸಾಲ ಮಾಡಿ ಹೊಲದ ಅಂಚಿಗೆ ಬಿದಿರಿನ ಕೊಟ್ಟಿಗೆ ಕಟ್ಟಿಸಿದರು. ಆಗಸ್ಟಿನಲ್ಲಿ ಕಿತ್ತದ್ದರಲ್ಲಿ 120 ಚೀಲದಷ್ಟು ಅದರೊಳಗೆ ಹರವಿದರು. ಅವರ ಅಣ್ಣ, ಅಂದರೆ ಗೆಳತಿಯ ಅಪ್ಪ, 'ಬ್ಯಾಡ ಕಣೋ, ಈ ಮಾಲು ನಿಲ್ಲಲ್ಲ' ಅಂದರಂತೆ. 'ಓದಿದ ಹುಡುಗ್ರು ಬರ್ದವ್ರೆ, ನಿನ್ ಮಗಳೇ ಬರ್ದವ್ಳೆ' ಅಂತ ಇವರು. ಆ ವರ್ಷ ಸೆಪ್ಟೆಂಬರ್ 9ಕ್ಕೆ ಸರ್ಕಾರ ಮತ್ತೆ ರಫ್ತು ನಿಲ್ಲಿಸಿ, 20ಕ್ಕೆ ಮತ್ತೆ ಬಿಟ್ಟಿತು. ಅದರಿಂದ ನಷ್ಟವಾಯಿತು ಅಂತ ಹೇಳಿಕೊಳ್ಳಬಹುದಿತ್ತು. ಆದರೆ ಅಷ್ಟರಲ್ಲಿ ಕೊಟ್ಟಿಗೆಯೊಳಗೆ ಮೊಳಕೆ ಬಂದಾಗಿತ್ತು. ದಸರಾ ಹೊತ್ತಿಗೆ ವಾಸನೆ. ದೀಪಾವಳಿಗೆ ಮುಂಚೆ 70 ಚೀಲದಷ್ಟನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ಹಳ್ಳಕ್ಕೆ ಸುರಿದರು. ಉಳಿದದ್ದು ಸಿಕ್ಕಿದ ಬೆಲೆಗೆ ಹೋಯಿತು.

ನಾವು ಮೂವರೂ ಹೋಗಿ ನಿಂತಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಂಡತಿಗೆ ಟೀ ಇಡಲು ಹೇಳಿ, 'ನಿಮ್ದೇನ್ ತಪ್ಪಿಲ್ಲ ಬಿಡ್ರಪ್ಪಾ, ನಮಗೂ ಗೊತ್ತಿತ್ತು. ಗೊತ್ತಿದ್ರೂ, ಬರ್ದಿದ್ದು ನೋಡಿ ಇರಬೈದು ಅನ್ನಿಸ್ತು' ಅಂದರು. ಆ ಕೊನೆಯ ಮಾತು ಹದಿನಾಲ್ಕು ವರ್ಷವಾದರೂ ಕಿವಿಯಲ್ಲಿದೆ. ಸುದ್ದಿ ಕಳಿಸುವ ಮುಂಚೆ ಕೈ ಒಂದು ಕ್ಷಣ ನಿಲ್ಲುವುದು ಅದಕ್ಕೇ.

ಕಡೂರಿನ ಒಂದು ಸೈಬರ್ ಸೆಂಟರಿನಲ್ಲಿ ಕೂತು ತಂಡದ ಮುಂದಾಳು ಹುಡುಗಿಗೆ ಮೇಲ್ ಬರೆದೆವು. ಗಂಟೆಗೆ 20 ರೂಪಾಯಿಯಂತೆ ಎರಡು ಗಂಟೆ ಹಿಡಿಯಿತು. ಸಿಟ್ಟಿನಿಂದಲೇ ಬರೆದದ್ದು: ನಿಮ್ಮ ವರದಿ ನಂಬಿ ಹೀಗಾಯಿತು. ನಾಲ್ಕನೇ ದಿನಕ್ಕೆ ಉತ್ತರ ಬಂತು. ತುಂಬಾ ನೊಂದುಕೊಂಡಿದ್ದಳು. ಕೊನೆಗೆ ಒಂದು ಸಾಲು ಇತ್ತು. ಮಳೆಗಾಲದ ಈರುಳ್ಳಿ ಇಡಲು ಬರುವುದಿಲ್ಲ ಎಂದು ಮೂರು ವಾರದಲ್ಲಿ ನಮಗೆ ಯಾರೂ ಹೇಳಲಿಲ್ಲವಲ್ಲ, ಯಾಕೆ?

ಹೇಳಿದ್ದರು. ಟಾರ್ಪಾಲಿನ ಕೆಳಗೆ, ಕುಡುಗೋಲು ಬದಿಗಿಟ್ಟು, ಐದು ನಿಮಿಷ.

ಆ ಸಾಲು ಓದಿದ ಮೇಲೆ ಮೂರು ದಿನ ನಾವು ಒಬ್ಬರಿಗೊಬ್ಬರು ಮಾತಾಡಲಿಲ್ಲ. ಆಮೇಲೆ ಗೆಳತಿಯೇ ಎಬ್ಬಿಸಿಕೊಂಡು ಆ ಅಜ್ಜಿಯ ಮನೆಗೆ ಕರೆದುಕೊಂಡು ಹೋದಳು. ಅಜ್ಜಿಗೆ ನಮ್ಮ ಗುರುತು ಇತ್ತು. ಅವತ್ತು ಹೇಳಿದ್ದನ್ನೇ ಮತ್ತೆ ಹೇಳಿ ಅಂದಾಗ ನಕ್ಕು, 'ಅವತ್ತು ಕೇಳಿಸ್ಕಂಡಿರ್ಲಿಲ್ವಾ?' ಅಂದರು. ಈ ಸಲ ಎಲ್ಲ ಬರೆದುಕೊಂಡೆವು. ತೋಟಗಾರಿಕೆ ಇಲಾಖೆಯ ಒಬ್ಬ ಅಧಿಕಾರಿಯನ್ನು ಕೇಳಿದರೆ ಅವರೂ ಅದನ್ನೇ ಪುಸ್ತಕದ ಭಾಷೆಯಲ್ಲಿ ಹೇಳಿದರು: ಬೇಸಿಗೆ ಮೊದಲಿಗೆ ಕೊಯ್ಯುವ ಹಿಂಗಾರಿ ಈರುಳ್ಳಿ ಹೊಲದಲ್ಲೇ ಒಣಗಿ ಕತ್ತು ಬಿಗಿಯುತ್ತದೆ, ನಾಲ್ಕರಿಂದ ಆರು ತಿಂಗಳು ನಿಲ್ಲುತ್ತದೆ. ನಾಸಿಕ್‌ನವರು ಕೊಟ್ಟಿಗೆಯಲ್ಲಿ ಇಡುವುದು ಅದನ್ನು. ಮುಂಗಾರಿನದಕ್ಕೆ ನೀರಿನಂಶ ಜಾಸ್ತಿ, ಅದನ್ನು ನಾಸಿಕ್‌ನವರೂ ಇಡುವುದಿಲ್ಲ. ಮೂರು ಪುಟ ಇಂಗ್ಲಿಷಿನಲ್ಲಿ ಬರೆದು, ಮೇಷ್ಟ್ರ ಹತ್ತಿರ ತಿದ್ದಿಸಿ ಕಳಿಸಿದೆವು. ತಪ್ಪು ನಮ್ಮದೆಂದೂ ಬರೆದೆವು. ತನ್ನ ಪ್ರೊಫೆಸರಿಗೂ ಆ ವ್ಯಾಪಾರಿಗೂ ಕಳಿಸಿದ್ದೇನೆ ಅಂತ ಅವಳ ಉತ್ತರ. ಅಂತರರಾಷ್ಟ್ರೀಯ ಸಲಹೆ ಅಂತ ನಾವು ಕೊಟ್ಟದ್ದು ಏನಾದರೂ ಇದ್ದರೆ ಆ ಮೂರು ಪುಟ. ಅದಕ್ಕೆ ಸರ್ಟಿಫಿಕೇಟು ಇಲ್ಲ.

ಚಿಕ್ಕಪ್ಪನ ಸಾಲ ತೀರಲು ಮೂರು ಬೆಳೆ ಬೇಕಾಯಿತು. ಗೆಳತಿ ಡಿಗ್ರಿ ಮುಗಿಸಿ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯಲು ಸೇರಿ, ಮೊದಲ ಎರಡು ವರ್ಷದ ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಅವರ ಕೈಗಿಟ್ಟಳು. ಉಳಿದಿಬ್ಬರು ಏನೂ ಕೊಡಲಿಲ್ಲ, ಕೊಡುವ ಸ್ಥಿತಿಯಲ್ಲೂ ಇರಲಿಲ್ಲ. ಇದನ್ನು ಅವಳು ಬರೆಯಬೇಡ ಅಂದಳು. ಬರೆದಿದ್ದೇವೆ. ಆ ಹೊಲದಲ್ಲಿ ಈಗ ಕೊಳವೆಬಾವಿ ಕೊರೆಸಿ ಅಡಿಕೆ ಹಾಕಿದ್ದಾರೆ. ಎರೆ ಹೊಲಕ್ಕೆ ಅಡಿಕೆ ಬೇಕಿತ್ತೇ ಅನ್ನುವುದು ಬೇರೆ ಜಗಳ. ಭದ್ರೆಯ ನೀರು ಅಜ್ಜಂಪುರದ ಸುರಂಗದಲ್ಲಿ ಚಿತ್ರದುರ್ಗದ ಕಡೆ ಹೋಗುವುದನ್ನು ಕಂಡವರಿಗೆ ತಮ್ಮ ಹೊಲಕ್ಕೂ ನೀರು ಬೇಕೆನ್ನಿಸುವುದು ಸಹಜ.

ಟೀ ಅಂಗಡಿಯ ಬೆಂಚಿನ ಮೇಲೆ ಹುಡುಗಿ ಇಷ್ಟನ್ನೂ ಕೇಳಿಸಿಕೊಂಡು, 'ಹಂಗಾದ್ರೆ ಇಂಥದ್ದಕ್ಕೆ ಹೋಗ್ಲೇಬಾರದಾ ಸಾರ್?' ಅಂದಳು. ಹಾಗಲ್ಲ. ಹೋಗಬೇಕು. ಆದರೆ 6,000 ಕಟ್ಟಿ ಮನೆಯಲ್ಲಿ ಕೂತು ಮಾಡುವಂಥದ್ದು ಏನೂ ಅಲ್ಲ. ಯಾವ ಕಂಪನಿ, ಯಾರ ಸಮಸ್ಯೆ ಅಂತ ಮೊದಲೇ ಹೇಳದವರು ಕೊನೆಗೂ ಹೇಳುವುದಿಲ್ಲ. ಕೆಲಸ ಮಾಡಿಸಿಕೊಳ್ಳುವವರು ದುಡ್ಡು ಕೊಡಬೇಕೇ ಹೊರತು ಮಾಡುವವರಲ್ಲ. ಪ್ರಧಾನಮಂತ್ರಿ ಇಂಟರ್ನ್‌ಷಿಪ್ ಯೋಜನೆ 2024ರ ಅಕ್ಟೋಬರಿನಲ್ಲಿ ಶುರುವಾದಾಗ ದೊಡ್ಡ ಕಂಪನಿಗಳಲ್ಲಿ ವರ್ಷ ಕೆಲಸ ಕಲಿಯುವವರಿಗೆ ತಿಂಗಳಿಗೆ 5,000 ರೂಪಾಯಿ ಕೊಡುವುದೆಂದಿತ್ತು. ಆದರೆ ಆಗಿನ ನಿಯಮದಂತೆ 21 ವರ್ಷ ತುಂಬಿರಬೇಕಿತ್ತು, ರೆಗ್ಯುಲರ್ ಕಾಲೇಜಿಗೆ ಹೋಗುತ್ತಿರಬಾರದಿತ್ತು. ಆ ಲೆಕ್ಕದಲ್ಲಿ ಅವಳಿಗೆ ಅದು ಡಿಗ್ರಿ ಮುಗಿದ ಮೇಲಿನ ಮಾತು.

ಈಗ ಏನು ಮಾಡಲಿ ಅಂದರೆ, ಪರದೇಶದ ವ್ಯಾಪಾರ ಅವಳ ಮನೆಯ ಅಂಗಳಕ್ಕೇ ಬಂದು ಕೂತಿದೆ. ಅವರಪ್ಪನ ಅಡಿಕೆಯ ಬೆಲೆ ಶಿವಮೊಗ್ಗದಲ್ಲಿ ಮಾತ್ರ ತೀರ್ಮಾನವಾಗುವುದಿಲ್ಲ. ಹೊರಗಿನಿಂದ ಬರುವ ಅಡಿಕೆ ಕಿಲೋಗೆ 351 ರೂಪಾಯಿಗಿಂತ ಅಗ್ಗಕ್ಕೆ ಒಳಗೆ ಬರಬಾರದು ಅಂತ 2023ರ ಫೆಬ್ರುವರಿಯಲ್ಲಿ ಕೇಂದ್ರ ಗೆರೆ ಎಳೆದಿದೆ. ಅದಕ್ಕೆ ಮುಂಚೆ ಅದು 251 ಇತ್ತು. 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಆ ಗೆರೆ ಇಲ್ಲದೆಯೇ ಬಾಗಿಲು ತೆಗೆದಾಗ ನಮ್ಮ ಮಂಡಿಗಳಲ್ಲಿ ಎಷ್ಟು ಗದ್ದಲವಾಯಿತು ಅಂತ ಅವಳಿಗೇ ನೆನಪಿತ್ತು. ಲಿಂಗದಹಳ್ಳಿಯಿಂದ ಮೇಲೆ ಹತ್ತಿದರೆ ಕಾಫಿ. ಆ ತೋಟದವರು ಬೆಳಿಗ್ಗೆ ಎದ್ದು ರೊಬಸ್ಟಾಗೆ ಲಂಡನ್ ಬೆಲೆ, ಅರೇಬಿಕಾಗೆ ನ್ಯೂಯಾರ್ಕ್ ಬೆಲೆ ನೋಡದೆ ಮಾರುವುದಿಲ್ಲ. ರಫ್ತಿಗೆ ಬೇಕಾದ ಐಇಸಿ ನಂಬರಿಗೆ ಅರ್ಜಿ ಶುಲ್ಕ 500 ರೂಪಾಯಿ ಅಷ್ಟೇ ಅಂತ ಹೇಳಿದಾಗ ಅವಳು ನಂಬಲಿಲ್ಲ, ಅಲ್ಲೇ ಮೊಬೈಲಿನಲ್ಲಿ ಹುಡುಕಿ ನೋಡಿದಳು.

ಇನ್ನೊಂದು ಸಂಗತಿಯನ್ನೂ ಹೇಳಿದೆವು. 2020ರ ಸೆಪ್ಟೆಂಬರ್ 14ರಂದು ಈರುಳ್ಳಿ ರಫ್ತು ಮತ್ತೆ ನಿಂತಾಗ, ಅಕ್ಟೋಬರಿನಲ್ಲಿ ಬೆಂಗಳೂರು ಗುಲಾಬಿ ಈರುಳ್ಳಿ 10,000 ಟನ್ ಮಾತ್ರ ಚೆನ್ನೈ ಬಂದರಿನಿಂದ ಹೋಗಲು ಬಿಟ್ಟರು. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಸಣ್ಣ ಈರುಳ್ಳಿ ಅದು. ನಮ್ಮ ಮನೆಗಳಲ್ಲಿ ಅಷ್ಟಾಗಿ ಬಳಸುವುದಿಲ್ಲ, ಮಲೇಷ್ಯಾ, ಸಿಂಗಪುರದವರು ತಿನ್ನುತ್ತಾರೆ. ಅದನ್ನು ಕಟ್ಟಿಹಾಕಿದರೆ ನಮ್ಮ ಸಂತೆಯಲ್ಲಿ ಬೆಲೆ ಇಳಿಯುವುದಿಲ್ಲ, ಬೆಳೆದವನು ಸಾಯುತ್ತಾನೆ ಅಂತ ದೆಹಲಿಗೆ ಬಿಡಿಸಿ ಹೇಳಿದವರು ಇದ್ದರು. ಈರುಳ್ಳಿಯೆಂದರೆ ಎಲ್ಲವೂ ಒಂದೇ ಅಲ್ಲ ಅನ್ನುವ ಅದೇ ಮಾತನ್ನು ನಮ್ಮ ಅಜ್ಜಿಯೂ ಹೇಳಿದ್ದರು. ಅಲ್ಲಿ ಅದು ದೆಹಲಿಯವರೆಗೆ ಹೋಯಿತು, ನಮ್ಮಲ್ಲಿ ಕಣದಿಂದ ಜೀಪಿನವರೆಗೂ ಹೋಗಲಿಲ್ಲ. ಅಜ್ಜಂಪುರದ ಈರುಳ್ಳಿಗೆ ಅಂಥ ಬಿಡುಗಡೆ ಯಾವತ್ತೂ ಸಿಕ್ಕಿಲ್ಲ. 2023ರ ಆಗಸ್ಟಿನಲ್ಲಿ ಶೇ 40 ಸುಂಕ ಬಿದ್ದದ್ದು ಇಲ್ಲಿ ಕೀಳುವ ಕಾಲಕ್ಕೇ ಸರಿಯಾಗಿ. ಆ ವಾರ ಇದರ ಬಗ್ಗೆ ಒಂದು ವರದಿ ಕಳಿಸಿದ್ದೆವು. ಜಿಲ್ಲಾ ಪುಟದಲ್ಲಿ ಎರಡು ಕಾಲಂ ಬಂತು, ಜಾಹೀರಾತಿಗೆ ಜಾಗ ಬಿಟ್ಟು.

ಕೊಟ್ಟಿಗೆಗೆ ಸರ್ಕಾರವೂ ದುಡ್ಡು ಕೊಡುತ್ತದೆ ಅನ್ನುವುದನ್ನು ಇಲ್ಲಿ ಸೇರಿಸಬೇಕು. 2014ರ ತೋಟಗಾರಿಕೆ ಮಿಷನ್ನಿನ ಮಾರ್ಗಸೂಚಿಯಲ್ಲಿ 25 ಟನ್ ಈರುಳ್ಳಿ ಕೊಟ್ಟಿಗೆಗೆ 1.75 ಲಕ್ಷ ವೆಚ್ಚ ಹಿಡಿದು, ಅರ್ಧ ಸಹಾಯಧನ ಎಂದಿತ್ತು. ನೀರು ಕಟ್ಟಿ ಬೇಸಿಗೆ ಬೆಳೆ ತೆಗೆಯುವವನಿಗೆ ಅದು ಒಳ್ಳೆಯದೇ. ಮುಂಗಾರಿನವನು ಸಹಾಯಧನ ಇದೆಯೆಂದು ಕಟ್ಟಿಸಿದರೆ ಕೊನೆಗೆ ಮೇವು ಒಟ್ಟುವುದಕ್ಕೆ ಆಗುತ್ತದೆ. ಹಾಗೆ ಮೇವು ತುಂಬಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕಡೆಗೆ ಆ ಹುಡುಗಿಗೆ ಒಂದು ಕೆಲಸ ಹೇಳಿದೆವು. ನಿಮ್ಮಪ್ಪನ ಅಡಿಕೆ ಕೊಳ್ಳುವವನ ಹತ್ತಿರ ಹೋಗು. ಒಂದೇ ಪ್ರಶ್ನೆ ಕೇಳು: ಹೊರಗಿನ ಅಡಿಕೆ ಬಂದಾಗ ನಿಮಗೆ ಮೊದಲು ಹೇಗೆ ಗೊತ್ತಾಗುತ್ತೆ? ಆಮೇಲೆ ಮಧ್ಯೆ ಬಾಯಿ ಹಾಕದೆ, ಅವರು ನಿಲ್ಲಿಸುವವರೆಗೂ ಬರೆದುಕೊ. ಇಂಗ್ಲಿಷ್ ಬೇಡ, ಅವರು ಹೇಳಿದ ಹಾಗೇ.

ಹತ್ತು ದಿನ ಸುದ್ದಿಯಿಲ್ಲ. ದುಡ್ಡು ಕಟ್ಟಿಬಿಟ್ಟಳೇನೋ ಅಂದುಕೊಂಡೆವು. ಮೊನ್ನೆ ಶನಿವಾರ ಅದೇ ಬೆಂಚಿಗೆ ಬಂದು ನೂರು ಪುಟದ ಒಂದು ನೋಟ್‌ಬುಕ್ ಮುಂದಿಟ್ಟಳು. ಹನ್ನೊಂದು ಪುಟ ತುಂಬಿತ್ತು.

'ಎಲ್ಲಾ ಬರ್ಕೊಂಡ್ಯಾ?'

'ಎಲ್ಲಾ ಸಾರ್. ಮಧ್ಯ ಅವರ ಹೆಂಡ್ತಿ ಬಂದು ಬೈದಿದ್ದೂ ಇದೆ.'

ನಾಲ್ಕನೇ ಪುಟದಲ್ಲಿ ಒಂದು ಪದದ ಕೆಳಗೆ ಗೆರೆ ಎಳೆದಿದ್ದಳು. ಅದು ನಮಗೂ ಅರ್ಥವಾಗಲಿಲ್ಲ. ನಾಳೆ ಮತ್ತೆ ಹೋಗಿ ಕೇಳಿಕೊಂಡು ಬರುತ್ತಾಳಂತೆ.